ಎಡಗಾಲು, ಮೊಣಕಾಲಿನ ಕೆಳಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಬಾಗಿಲ ಹಿಂದೆ ನಿಲ್ಲಿಸಿದ್ದ ನಿಜಗುಣನ ಎಡಗಾಲು ಎಂದಿನ ಹೊತ್ತಿಗೆ ಕೆಲಸ ಶುರುಮಾಡಿತು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ನಾನು ಹಾಸಿಗೆಯಲ್ಲೇ ಕೇಳುತ್ತ ಮಲಗಿದ್ದೆ. ನಿಜಗುಣನನ್ನು ಮಣ್ಣು ಮಾಡಿ ಆಗಿತ್ತು. ಓಣಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು, ಅಡುಗೆಮನೆಯಲ್ಲಿ ಅತ್ತೆ ಹಾಲು ಕಾಯಿಸುತ್ತಿದ್ದರು, ಬಾಗಿಲ ಹಿಂದೆ ಕಾಲು ತುಳಿಯುತ್ತಿತ್ತು. ಎಲ್ಲ ಅದದರ ಪಾಡಿಗೆ ನಡೆದಿತ್ತು.

ನಿಜಗುಣನ ಕಾಲು ಎಂದು ಬರೆದೆ. ಅದು ಸರಿಯಲ್ಲ. ಅವನ ಸ್ವಂತ ಎಡಗಾಲು, ಮೊಣಕಾಲಿನ ಕೆಳಗಿನದು, ನಮ್ಮ ಮದುವೆಗೆ ಮುಂಚೆಯೇ ಪಂಪ್‌ಹೌಸಿನ ಬೆಲ್ಟಿಗೆ ಸಿಕ್ಕು ಹೋಗಿತ್ತು. ಇದು ದರ್ಜಿ ದಾವಲಸಾಬರದು. ಕಡ ತಂದದ್ದು. ನಿಜಗುಣ ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದ; ದಿನವಿಡೀ ಓಣಿ ಓಣಿ ಅಲೆದು ವಾಲ್ವ್ ತಿರುಗಿಸಬೇಕು. ದಾವಲಸಾಬರು ಆಸ್ಪತ್ರೆಗೆ ಬಂದು, "ನಂದು ಕುಂತು ಮಾಡೂ ಕೆಲಸ, ನಿಂದು ಅಡ್ಡಾಡೂ ಕೆಲಸ. ಸರ್ಕಾರದ ಕಾಲು ಬರೂತನಕ ಇದನ್ನ ಹಾಕ್ಕೋ" ಎಂದು ಕಾಲು ಬಿಚ್ಚಿ ಮಂಚದ ಮೇಲಿಟ್ಟು, ಕೋಲು ಊರಿಕೊಂಡು ಹೋಗಿದ್ದರಂತೆ. ಸರ್ಕಾರದ ಕಾಲು ಇನ್ನೂ ಬರುತ್ತಲೇ ಇದೆ.

ಬೆಳಗಿನ ತುಳಿತ ದರ್ಜಿಯ ಕಾಲಿನ ಚಾಳಿ. ನಿಜಗುಣ ಮಲಗಿದ್ದಾಗಲೂ ಹೊದಿಕೆಯೊಳಗೆ ಅದು ಪೆಡಲ್ ತುಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಅದರಿಂದ ನನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ಬರುತ್ತಿರಲಿಲ್ಲ. ಆ ಕಾಲಿನಲ್ಲಿ ನಿಜಗುಣನದೇ ಎನ್ನುವ ಚಾಳಿ ಒಂದೇ ಇತ್ತು. ವಾಲ್ವ್ ತಿರುಗಿಸುವ ಮುಂಚೆ ಎಡ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಬಡಿದು, ತಲೆ ಓರೆ ಮಾಡಿ, ಪೈಪಿಗೆ ನೀರು ಬಂತೋ ಇಲ್ಲವೋ ಎಂದು ಕೇಳುತ್ತಿದ್ದ. ಬರಬರುತ್ತ ಹೊಸ್ತಿಲು ದಾಟುವ ಮುಂಚೆ, ಊಟಕ್ಕೆ ಕೂರುವ ಮುಂಚೆ, ನಾನು ಮುನಿಸಿಕೊಂಡಿದ್ದರೆ ನನ್ನನ್ನು ಮಾತಾಡಿಸುವ ಮುಂಚೆಯೂ ಬಡಿಯತೊಡಗಿದ. "ಒಳಗ ಏನೈತಿ ಅಂತ ತಿಳಕೊಂಡ ತೆರೀಬೇಕು" ಎನ್ನುತ್ತಿದ್ದ. ಬಾಗಿಲ ಹಿಂದಿನ ಕಾಲು ಈಗ ತುಳಿಯುತ್ತಿತ್ತು. ಬಡಿಯುತ್ತಿರಲಿಲ್ಲ.

ಅತ್ತೆ ನೀಲಗಂಗವ್ವ ಎಣ್ಣೆಯ ಬಟ್ಟಲು ಹಿಡಿದು ಬಂದು ಅದರ ಮುಂದೆ ಕುಳಿತರು.

"ಅದಕ್ಕ ಯಾಕ್ರೀ ಎಣ್ಣಿ?" ಎಂದೆ.

"ಮೈ ಬಿಟ್ಟ ಕಾಲು ತಣ್ಣಗಾಗ್ತಾವ. ತಣ್ಣಗಾದ್ವು ಅಂದ್ರ ಮುಗೀತು, ಯಾರ ಮೈಗೂ ಕೂಡೂದಿಲ್ಲ."

"ಹಂಗಾದ್ರ ಇವತ್ತ ಒಯ್ದು ಕೊಡೂಣ್ರಿ ಅತ್ತಿ."

"ಕೊಡೂಣಂತ. ಓಡಿ ಹೋಗ್ತೈತೇನ್ ಅದು?" ಎಂದು ಅವರು ಬೆರಳ ಸಂದಿಗೆ ಎಣ್ಣೆ ತಿಕ್ಕಿದರು. ಒಂಟಿ ಕಾಲು ಎಲ್ಲಿಗೆ ಓಡೀತು.

ಅಂದು ನಮ್ಮ ಓಣಿಗೆ ನೀರು ಬರುವ ದಿನ. ಬರಲಿಲ್ಲ. ನಿಜಗುಣನ ಜಾಗಕ್ಕೆ ಬಂದ ಹೊಸಬ ಯಾವ ವಾಲ್ವ್ ತಿರುಗಿಸಿದನೋ, ಪೊಲೀಸ್ ಠಾಣೆಯೊಳಗೆ ನೀರು ನುಗ್ಗಿ, ಲಾಕಪ್ಪಿನಲ್ಲಿದ್ದವರನ್ನು ಮೇಜಿನ ಮೇಲೆ ಕೂರಿಸಿದರಂತೆ.

ನಮ್ಮ ಊರಲ್ಲಿ ಕೈಕಾಲು ಕಡ ಕೊಡುವುದು ಉಪ್ಪು ಕೊಟ್ಟಷ್ಟೇ ಸಲೀಸು. ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಓಣಿಯ ಕೈಗಳೆಲ್ಲ ಒಂದೇ ಅಂಗಳದಲ್ಲಿ ಸೇರುತ್ತವೆ. ಅವುಗಳ ಒಡತಿಯರು ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿರುತ್ತಾರೆ. ಪರೀಕ್ಷೆಯ ಪತ್ರಿಕೆ ತಿದ್ದುವಾಗ ಮಾಸ್ತರರು ಸಿಕ್ಕವರ ಬಲಗೈ ತಂದು ಕೆಲಸ ಮುಗಿಸುತ್ತಾರೆ, ಹಾಗಾಗಿ ನಮ್ಮ ಫಲಿತಾಂಶ ಪ್ರತಿವರ್ಷವೂ ಊರಿಗೆಲ್ಲ ಅಚ್ಚರಿ ತರುತ್ತದೆ. ಪುರಸಭೆಯಲ್ಲಿ ಕೈ ಎತ್ತಿ ಮತ ಹಾಕುವುದನ್ನು ಹಿಂದೆಯೇ ನಿಲ್ಲಿಸಿದರು. ಅಧ್ಯಕ್ಷರೊಬ್ಬರು ಗೋಣಿಚೀಲದಲ್ಲಿ ಕೈ ತಂದಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. "ಎಲ್ಲಾ ಸ್ವಂತದ್ದ ಅಲ್ಲೇನ್ರೀ?" ಎಂದು ಕೇಳುತ್ತಾರೆ. ಮರ್ಯಾದೆಯ ಮಾತು ಎರಡೇ. ಕೊಟ್ಟವರು ತಾವಾಗಿ ವಾಪಸ್ ಕೇಳಬಾರದು. ತಂದವರು ಸತ್ತರೆ, ಮಣ್ಣಿಗೆ ಮುಂಚೆ ಬಿಚ್ಚಿಟ್ಟು, ಮನೆಯವರು ಒಯ್ದು ಕೊಡಬೇಕು.

ಬಿಚ್ಚಿದ್ದು ಅತ್ತೆಯೇ. ನಿಜಗುಣನನ್ನು ಕುಳ್ಳಿರಿಸಿದಾಗ ಅಯ್ಯನವರು ಒಂದೇ ಪಾದ ಕಂಡು ಮಂತ್ರ ನಿಲ್ಲಿಸಿದರು. "ಇನ್ನೊಂದು ಕಡ ತಂದದ್ರೀ ಅಯ್ಯನವ್ರ, ಬಿಚ್ಚಿಟ್ಟೀನಿ" ಎಂದರು ಅತ್ತೆ. "ಹಂಗಾದ್ರ ಸರಿ" ಎಂದು ಅವರು ಮುಂದುವರಿಸಿದರು. ಮಣ್ಣಿಗೆ ಮುಂಚೆ ಸರ್ಕಾರಿ ಡಾಕ್ಟರು ಮೈ ನೋಡಿ ಬರೆಯಬೇಕೆಂಬ ನಿಯಮವಿದೆ. ಡಾಕ್ಟರಿಗೆ ಬೂಟು ಬಿಚ್ಚುವುದು ಬೇಸರ. ಕಟ್ಟೆಯ ಮೇಲೆ ನಿಂತೇ "ಅಂಗಾಂಗ ಪೂರ್ಣ" ಎಂದು ಬರೆದು ಸಹಿ ಹಾಕಿ ಹೋದರು. ಮಾತಾಡಿಸಲು ಬಂದ ನಮ್ಮ ಕಚೇರಿಯ ಮುಖ್ಯಸ್ಥ ಕುಬೇರಪ್ಪನವರು ಮಾತ್ರ ಒಳಗೆ ಬಂದರು. ಕೈಮುಗಿದರು, ಕಣ್ಣೊರೆಸಿಕೊಂಡರು, ಆಮೇಲೆ ಬಗ್ಗಿ ಬಾಗಿಲ ಹಿಂದಿನ ಕಾಲನ್ನು ನೋಡಿದರು. "ಎಷ್ಟು ನಂಬರಿನ ಚಪ್ಪಲ್ ಆಗ್ತೈತ್ರೀ ಇದಕ್ಕ?" ಎಂದರು. "ಎಂಟು" ಎಂದೆ.

ಕಡದ ಅಂಗ ವಾಪಸಾಗುವಾಗ ಅಂಗಸ್ಥಿತಿ ಕಚೇರಿಯಲ್ಲಿ ಇಬ್ಬರ ಸಂಕೇತವೂ ಬದಲಾಗಬೇಕು. ಇಲ್ಲದಿದ್ದರೆ ಕಚೇರಿಯಿಂದ ಕಾಗದ ಹೋಗುತ್ತದೆ, ಪೊಲೀಸರು ಬಂದು ಬಿಚ್ಚಿಸಿ ಒಯ್ಯುತ್ತಾರೆ. ಆ ಕಚೇರಿಯಲ್ಲಿ ಸಂಕೇತ ಹಾಕುವವಳು ನಾನೇ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದೆ. ಸಂದರ್ಶನದಲ್ಲಿ ಕುಬೇರಪ್ಪನವರು, "ಇರ್ಲಿ ಬಿಡ್ರಿ, ಅದರಿಂದ ಏನ್ ತೊಂದ್ರಿ ಆಗೂದಿಲ್ಲ" ಎಂದಿದ್ದರು.

ಕೆಲಸ ಕಷ್ಟದ್ದಲ್ಲ. ಕೈಯೋ ಕಾಲೋ ಇಲ್ಲದ ಪ್ರತಿಯೊಬ್ಬರಿಗೂ ಒಂದು ಸಂಕೇತ. ಮೊದಲ ಅಕ್ಷರ ಯಾವ ಅಂಗ ಎನ್ನುವುದಕ್ಕೆ, ಮುಂದಿನದು ಎಲ್ಲಿಂದ ಕೆಳಗೆ ಇಲ್ಲ ಎನ್ನುವುದಕ್ಕೆ. ಆಮೇಲೆ ಹೇಗೆ ಹೋಯಿತು: ಹುಟ್ಟಿನಿಂದ ಇಲ್ಲವೋ, ಅಪಘಾತದಲ್ಲಿ ಹೋಯಿತೋ, ಡಾಕ್ಟರು ತೆಗೆದರೋ, ಕಡ ಕೊಟ್ಟರೋ. ಕೊನೆಯದು ಎಡವೋ ಬಲವೋ. ಸಂಕೇತ ಹಾಕುವವರು ಕಣ್ಣಿಂದ ನೋಡಿದ್ದನ್ನು ಬರೆಯುವ ಹಾಗಿಲ್ಲ. ಡಾಕ್ಟರು ಬರೆದದ್ದನ್ನೇ ನೋಡಬೇಕು. ಡಾಕ್ಟರು ಎಡ ಬಲ ಬರೆಯುವುದನ್ನು ಮರೆತರೆ "ಬದಿ ತಿಳಿಸಿಲ್ಲ" ಎಂಬ ಸಂಕೇತವಿದೆ. ಊರಿನಲ್ಲಿ ಅಂಗ ಇಲ್ಲದವರ ಪೈಕಿ ಅರ್ಧ ಜನ ಅದರೊಳಗಿದ್ದಾರೆ. ಒಮ್ಮೆ ಒಬ್ಬರು ನನ್ನ ಮೇಜಿನ ಮುಂದೆ ನಿಂತು ಖಾಲಿ ತೋಳನ್ನು ಬಾವುಟದ ಹಾಗೆ ಬೀಸಿದರು. "ಇಲ್ಲೆ ನೋಡ್ರೀ ಬಾಯಾರ, ಈ ಕಡೆ! ಈ ಕಡೆ ಇಲ್ಲ!" "ನನಗ ಕಾಣೂದಿಲ್ರಿ" ಎಂದೆ. ಸಂಬಳ ಅದಕ್ಕೇ ಕೊಡುತ್ತಾರೆ.

ಇನ್ನೊಂದು ನಿಯಮ ಯುಗಾದಿಯದು. ಯುಗಾದಿಯ ದಿನ ಊರಿನ ಎಲ್ಲರ ಕೈಕಾಲೂ ಕಾಗದದಲ್ಲಿ ಮರಳಿ ಬರುತ್ತವೆ. ಡಾಕ್ಟರ ಮುಂದೆ ಮತ್ತೆ ನಿಂತು, ಈ ವರ್ಷವೂ ಇಲ್ಲ ಎಂದು ಬರೆಸಿಕೊಂಡವರದು ಮತ್ತೆ ಹೋಗುತ್ತದೆ. ಬರೆಸಿಕೊಳ್ಳದವರು ವರ್ಷವಿಡೀ ಪೂರ್ಣಾಂಗರು. ಹುಟ್ಟಿನಿಂದ ಇಲ್ಲದವರಿಗೆ ಮಾತ್ರ ಇದರಿಂದ ವಿನಾಯಿತಿ. ಹುಟ್ಟುವಾಗಲೇ ಇಲ್ಲದ್ದು ಯುಗಾದಿಗೆ ಬರುವುದಿಲ್ಲ ಎಂಬುದನ್ನು ಕಚೇರಿ ಬಹಳ ಚರ್ಚೆಯ ನಂತರ ಒಪ್ಪಿಕೊಂಡಿದೆ.

ಅದೇ ದಿನ ಕಚೇರಿಗೆ ಹೋದೆ. ಕುಬೇರಪ್ಪನವರು ನನ್ನನ್ನು ಕಂಡು ಅರ್ಧ ಎದ್ದರು. "ಬರ್ರಿ ಮೇಡಂ, ಕುಂದರ್ರಿ. ರಜಾ ಇತ್ತಲ್ರೀ ಇನ್ನೂ?"

"ದಾವಲಸಾಬರ ಕಾಲು ವಾಪಸ್ ಕೊಡಬೇಕಾಗಿತ್ತು ಸರ್. ಸಂಕೇತ ಬದಲಿ ಮಾಡೂಣ."

ಅವರು ಕಡತ ತರಿಸಿ, ಹಾಳೆ ತಿರುವಿ, ನಾಲಿಗೆಯಿಂದ ಲೊಚ್ ಎಂದರು. "ಯಾವ ದಾವಲಸಾಬರೀ? ಇಲ್ಲೆ ಇರೂದು ಒಬ್ಬನ. ಎಡಗಾಲು, ಮೊಣಕಾಲಿನ ಕೆಳಗ, ಹುಟ್ಟಿನಿಂದ ಇಲ್ಲ."

"ಅವರ ಕಾಲಿನ ಮ್ಯಾಲ ನಮ್ಮವರು ಏಳು ವರ್ಷ ಊರಿಗೆ ನೀರು ಬಿಟ್ಟಾರ್ರೀ."

"ಬಿಟ್ಟಿರಬಹುದು. ಹುಟ್ಟಿನಿಂದ ಇಲ್ಲದ ಕಾಲನ್ನ ಕಡ ಹೆಂಗ ಕೊಡ್ತಾರ? ನೀವ ಹೇಳ್ರಿ, ನೀವು ತರ್ಕಶಾಸ್ತ್ರದವ್ರು." ಅವರು ದನಿ ಮೃದು ಮಾಡಿದರು. "ಅಂವ 'ಹುಟ್ಟಿನಿಂದ ಇಲ್ಲ' ಅಂತ ಬರಸ್ಕೊಂಡ ದಿನಾನ ಕಡ ರದ್ದಾತು. ಹಂಗಾದ್ರ ಆ ಕಾಲು ಯಾರ್ದು? ನಿಮ್ಮ ಯಜಮಾನ್ರದು. ಸ್ವಂತದ್ದು. ಮಣ್ಣಿಗೆ ಹೋಗದ ಉಳದೈತಿ. ಅದಕ್ಕ ದಾರಿ ಎರಡು. ಗುರುವಾರ ಆಸ್ಪತ್ರಿ ಗಾಡಿ ಬಂದು ಸುಡೂ ಭಟ್ಟಿಗೆ ಒಯ್ತೈತಿ. ಇಲ್ಲಾ ಅಂದ್ರ, ನೀವು ವಾರಸುದಾರರಂತ ಒಂದು ಅರ್ಜಿಗೆ ಸಹಿ ಹಾಕ್ರಿ. ನಿಮ್ಮ ಹೆಸರಿಗೆ ಮೂರನೇ ಕಾಲು ಬರ್ಕೊಂಡು ಬಿಡೂಣು. ಸಂಕೇತ ಐತಿ, ಈವರೆಗೂ ಯಾರೂ ಬಳಸಿಲ್ಲ."

"ಮೂರು ಕಾಲು ಇಟ್ಕೊಂಡು ನಾ ಏನ್ ಮಾಡ್ಲಿ ಸರ್?"

"ಅದನ್ನ ಹೇಳಾಕತ್ತಿದ್ನಿ." ಅವರು ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರ ಎಳೆದರು. "ನನ್ನ ಸಡ್ಡಕ ಒಬ್ಬ ಅದಾನ. ಎಡಗಾಲಿಂದ ಭಾಳ ಪೇಚಾಡಾಕತ್ತಾನ. ಎಂಟ ನಂಬರ."

ದಾವಲಸಾಬರ ಅಂಗಡಿ ಹಳೆಯ ಬಸ್ ನಿಲ್ದಾಣದ ಎದುರಿಗಿದೆ. ನಾನು ಕಾಲು ತರದೆ ಬರಿಗೈಯಲ್ಲಿ ಹೋದೆ. ಅಂಗಡಿಯ ತುಂಬ ನೀಲಿ ಬಟ್ಟೆಯ ರಾಶಿ. ಶಾಲೆ ಶುರುವಾಗುವ ಕಾಲ, ಊರಿನ ಶಾಲೆಯ ಸಮವಸ್ತ್ರ ಯಾವಾಗಲೂ ಅವರದೇ ಹೊಲಿಗೆ. ದಾವಲಸಾಬರು ಯಂತ್ರದ ಮುಂದೆ ಬಟ್ಟೆ ಹಿಡಿದು ಕುಳಿತಿದ್ದರು. ಪೆಡಲಿನ ಮೇಲೆ ಕಾಲಿರಲಿಲ್ಲ. ಇಷ್ಟು ವರ್ಷ ಇಬ್ಬರ ಕೆಲಸ ಮಾಡಿದ ಬಲಗಾಲಿನ ಮೊಣಕಾಲು ಬದನೆಕಾಯಿಯಂತೆ ಉಬ್ಬಿ ಹೊಳೆಯುತ್ತಿತ್ತು. ಅವರ ಹೆಂಡತಿ ಬೀಬಿಜಾನ್ ಪಕ್ಕದಲ್ಲಿ ನಿಂತು ಗಾಲಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಹೊಲಿಗೆ ಹಾವಿನ ಹಾಗೆ ಸೊಟ್ಟಗೆ ಹೋಗುತ್ತಿತ್ತು.

"ಬಾ ತಂಗಿ. ಊಟಾ ಮಾಡಾಕತ್ತೀಯಿಲ್ಲೋ?" ಎಂದರು ದಾವಲಸಾಬರು. ಕಾಲಿನ ಮಾತು ಎತ್ತಲಿಲ್ಲ.

"ಮಾಡಾಕತ್ತೀನ್ರಿ ಕಾಕಾ" ಎಂದು, ಕಚೇರಿಯಲ್ಲಿ ಆದದ್ದನ್ನು ಹೇಳಿದೆ. ಬೀಬಿಜಾನ್ ಗಾಲಿ ನಿಲ್ಲಿಸಿದರು.

"ಹುಟ್ಟಿನಿಂದ ಇಲ್ಲಂತೇನು? ನಮ್ಮ ನಿಕಾ ದಿನ ನನ್ನ ತಂಗ್ಯಾರು ಇವ್ರ ಬೂಟ ಕದ್ದು ಮುಚ್ಚಿಟ್ಟಿದ್ರು. ಎರಡೂ ಬೂಟ! ಒಂಟಿ ಬೂಟ ಹಾಕ್ಕೊಂಡು ಬಂದಿದ್ರ ನಮ್ಮಪ್ಪ ಹೆಣ್ಣು ಕೊಡ್ತಿದ್ನೇನು?"

"ನೀ ಸುಮ್ನಿರ" ಎಂದರು ದಾವಲಸಾಬರು. "ನಾನ ಬರಸಿದ್ದು ಅದನ್ನ. ಯುಗಾದಿಗೊಮ್ಮೆ ಕೋಲು ಊರಕೋತ ಹೋಗಿ, ಈ ವರ್ಷಾನೂ ಕಾಲು ಬಂದಿಲ್ರೀ ಅಂತ ಹೇಳೂದು. ಒಂದ್ ಸಲ ಜ್ವರಾ ಬಂದು ಹೋಗಾಕ ಆಗ್ಲಿಲ್ಲ. ಬಸ್ಸಿನಾಗ ಕಂಡಕ್ಟರ್ ಬಂದು, 'ಏಳ್ರಿ ಸಾಹೇಬ್ರ, ಈ ಸೀಟು ಕಾಲಿಲ್ಲದವ್ರಿಗೆ, ನಿಮಗ ಎರಡೂ ಬಂದಾವು' ಅಂದ. ಏನ್ ಹೇಳೂದು ಅವಂಗ? ಒಂದ ಕಾಲ ಮ್ಯಾಲ ನಿಂತ್ಕೊಂಡು ಊರ್ತನಕ ಬಂದ್ನಿ. ಮರುದಿನಾನ ಹೋಗಿ, ಹುಟ್ಟಿನಿಂದ ಇಲ್ಲಂತ ಬರ್ಕೋರಿ, ಪೀಡಾ ಹೋಗ್ಲಿ ಅಂದ್ನಿ. ನೀ ಆಗ ಇನ್ನೂ ಕೆಲಸಕ್ಕ ಬಂದಿರಲಿಲ್ಲ."

"ಅದು ಇವ್ರ ಕಾಲಂತ ಊರಿಗೆಲ್ಲ ಗೊತ್ತೈತಿ" ಎಂದರು ಬೀಬಿಜಾನ್. "ಊರಿಗಿಂತ ಕಾಗದಾ ದೊಡ್ಡದೇನವಾ?"

"ಹೌದ್ರಿ" ಎಂದೆ.

ಬೀಬಿಜಾನ್ ನನ್ನನ್ನು ನೋಡಿದರು. ಬೈಯಲಿಲ್ಲ. ಹೊಸದಾಗಿ ಗಂಡ ಸತ್ತವಳನ್ನು ಬೈಯಬಾರದೆಂದು ಇರಬೇಕು. "ಸೋಮವಾರದ ಒಳಗ ಹೊಲದು ಕೊಡದಿದ್ರ, ರೆಡಿಮೇಡ್ ಅಂಗಡಿಯಾಂವಗ ಕೊಡ್ತೀವಿ ಅಂದಾರ ಸಾಲಿಯವ್ರು" ಎಂದು ಗಾಲಿಗೆ ಹೇಳಿದರು.

"ಅವಸರ ಇಲ್ಲ ತಂಗಿ" ಎಂದರು ದಾವಲಸಾಬರು, ಮೊಣಕಾಲು ನೀವಿಕೊಳ್ಳುತ್ತ.

ಮನೆಗೆ ಬಂದು ವಾರಸುದಾರರ ಅರ್ಜಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಸಡ್ಡಕನಿಗೆ ಕೊಡಲೇಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಸಹಿ ಹಾಕಿದರೆ ಕಾಲು ನನ್ನದು. ಗಾಡಿ ಬರುವುದಿಲ್ಲ, ಯಾರೂ ಕೇಳುವುದಿಲ್ಲ. ತಣ್ಣಗಾದರೂ ಮನೆಯಲ್ಲೇ ಇರುತ್ತದೆ. ಕಾಲನ್ನು ಬಾಗಿಲ ಹಿಂದಿನಿಂದ ತಂದು ಹಾಸಿಗೆಯ ಬುಡದಲ್ಲಿ ನಿಲ್ಲಿಸಿದೆ. ಅತ್ತೆ ನೋಡಿಯೂ ನೋಡದ ಹಾಗೆ ಎಣ್ಣೆಯ ಬಟ್ಟಲನ್ನೂ ಅಲ್ಲಿಗೇ ತಂದಿಟ್ಟರು. ನನಗೆ ನಿದ್ದೆ ಬಂತು.

ಬೆಳಿಗ್ಗೆ ಅದು ತುಳಿಯುತ್ತಿತ್ತು, ನಾನು ಕಾಯುತ್ತಿದ್ದೆ. ಎರಡು ಸಲ ಬಡಿದರೆ ಸಹಿ ಹಾಕುತ್ತೇನೆ ಎಂದುಕೊಂಡಿದ್ದೆ. ಆಮೇಲೆ ಒಂದು ಸಲ ಸಾಕು ಎಂದುಕೊಂಡೆ. ಹೊಸ್ತಿಲ ಮೇಲೆ ನಿಲ್ಲಿಸಿ ನೋಡಿದೆ. ಊಟದ ತಟ್ಟೆಯ ಮುಂದೆ ನಿಲ್ಲಿಸಿದೆ. ಒಮ್ಮೆ ಅದರ ಎದುರು ಮುಖ ಊದಿಸಿಕೊಂಡು ಕುಳಿತೂ ನೋಡಿದೆ. ಅದು ತನ್ನ ಪಾಡಿಗೆ ಕಾಣದ ಯಂತ್ರದಲ್ಲಿ ಕಾಣದ ಬಟ್ಟೆ ಹೊಲಿಯುತ್ತಿತ್ತು. ನೀಲಿ ಬಟ್ಟೆ ಇರಬೇಕು.

ಗುರುವಾರ ಬೆಳಿಗ್ಗೆ ಅದು ಒಂದೆರಡು ಸಲ ತುಳಿದು ನಿಂತುಬಿಟ್ಟಿತು. ಮುಟ್ಟಿದೆ. ಬೆರಳುಗಳು ತಣ್ಣಗಿದ್ದವು, ಉಗುರು ನೀಲಿಗಟ್ಟಿತ್ತು. ಅತ್ತೆ ಬಂದರು. ಬಟ್ಟಲಿಗೆ ಬೆರಳು ಅದ್ದಿ, ಉಗುರು ನೋಡಿದರು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ನನ್ನ ಮಗನ ಕಾಲು ಪಂಪಿನ ಮನ್ಯಾಗ ಹೋತು" ಎಂದರು. "ಇದು ದಾವಲಸಾಬಂದು. ಎಣ್ಣಿ ಹಚ್ಚಿದ್ರ ಮಗಾ ಆಗೂದಿಲ್ಲ. ಎದ್ದೇಳು ಸುಗಲಾ."

"ಕಚೇರಿಯವ್ರು ಒಪ್ಪೂದಿಲ್ರಿ ಅತ್ತಿ."

"ನೀ ಏನ್ ಕಲ್ತಿ ಮತ್ತ ಅಷ್ಟು ದೂರ ಹೋಗಿ?"

ನಾನು ಕಾಲನ್ನು ನಿಜಗುಣನ ಟವೆಲಿನಲ್ಲಿ ಸುತ್ತಿ, ತರಕಾರಿಯ ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಸಹಿ ಹಾಕದ ಅರ್ಜಿಯನ್ನು ಕುಬೇರಪ್ಪನವರ ಮೇಜಿನ ಮೇಲಿಟ್ಟೆ. ನಿಜಗುಣನ ಮರಣದ ಕಡತ ತೆಗೆದು ಕುಳಿತೆ. ಅದಕ್ಕೆ ಸಂಕೇತ ಹಾಕುವುದು ಬಾಕಿ ಇತ್ತು. ನನ್ನ ಮೇಜಿನದೇ ಕೆಲಸ. ಹಾಕಿ ಅವರ ಮುಂದಿಟ್ಟೆ.

ಅವರು ಓದಿ ಕನ್ನಡಕ ತೆಗೆದರು. "ಇದೇನ್ರೀ? ಅಂಗಾಂಗ ಪೂರ್ಣ ಅಂತ ಹಾಕೀರಿ?"

"ಡಾಕ್ಟರು ಹಂಗ ಬರದಾರ್ರೀ ಸರ್. ಎರಡೂ ಕಾಲು ಮಣ್ಣಿಗೆ ಹೋಗ್ಯಾವು. ಉಳಿದ ಅಂಗ ಅಂತ ಯಾವುದೂ ಇಲ್ಲ. ಗಾಡಿ ಬರೂದು ಬ್ಯಾಡಂತ ಹೇಳಿಬಿಡ್ರಿ."

"ಮತ್ತ ನಿಮ್ಮ ಮನಿ ಬಾಗಿಲ ಹಿಂದ ನಿಂತಿದ್ದು ಏನು?"

"ಯಾರು ನೋಡ್ಯಾರ್ರೀ?"

"ನಾನ ನೋಡೀನಲ್ರೀ! ಚಪ್ಪಲಿ ನಂಬರ್ ಕೇಳಿದ್ನಲ್ಲ!"

"ಕಣ್ಣಿಂದ ನೋಡಿದ್ದು ಬರಿಯಾಕ ಬರೂದಿಲ್ರಿ ಸರ್."

ಕುಬೇರಪ್ಪನವರು ಕನ್ನಡಕ ಮತ್ತೆ ಹಾಕಿಕೊಂಡರು. ಆ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ತೂಗುಹಾಕಿದ್ದವರು ಅವರೇ. ಅದು ಅವರ ತಲೆಯ ಮೇಲೆಯೇ ಇತ್ತು. "ಡಾಕ್ಟರ್ ಕಡೆ ತಿದ್ದಸ್ತೀನಿ" ಎಂದರು.

"ತಿದ್ದಿದ್ರ, ಅವರು ಮೈ ನೋಡದ ಬರದಾರಂತ ಆಗ್ತೈತ್ರೀ. ಅದಕ್ಕೂ ಒಂದು ಸಂಕೇತ ಐತಿ. ನಾನ ಹಾಕಬೇಕಾಗ್ತೈತಿ."

ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಚೀಲ ಅಲುಗಿತು. ಬಿಸಿಲಲ್ಲಿ ಹೊತ್ತು ತಂದದ್ದಕ್ಕೋ ಏನೋ, ಒಳಗಿನ ಕಾಲು ನಿಧಾನವಾಗಿ ತುಳಿಯತೊಡಗಿತು. ಹಿಮ್ಮಡಿ, ಬೆರಳು. ಚೀಲ ಉಸಿರಾಡುವ ಹಾಗೆ ಕಾಣುತ್ತಿತ್ತು. ಕಚೇರಿಯವರೆಲ್ಲ ತಲೆ ಎತ್ತಿ ನೋಡಿದರು. ನೋಡಿ, ತಲೆ ತಗ್ಗಿಸಿ ಕಾಗದ ನೋಡತೊಡಗಿದರು. ಒಳ್ಳೆಯ ತರಬೇತಿಯಾದ ಸಿಬ್ಬಂದಿ.

"ಚೀಲದಾಗ ಏನೈತ್ರೀ?" ಎಂದರು ಕುಬೇರಪ್ಪನವರು, ಗಂಟಲಲ್ಲೇ.

"ಕಾಗದದಾಗ ಬರದಿಲ್ರಿ ಸರ್."

"ಆ ದಾವಲಸಾಬ ಅದನ್ನ ಹಾಕ್ಕೊಂಡು ಅಡ್ಡಾಡಿದ್ರ?"

"ಅವರಿಗೆ ಹುಟ್ಟಿನಿಂದ ಕಾಲ ಇಲ್ಲಲ್ರೀ. ಇಲ್ಲದ ಕಾಲಿನ ಮ್ಯಾಲ ಅಡ್ಡಾಡಿದ್ರ ನಿಯಮದಾಗ ತಪ್ಪೇನೂ ಇಲ್ಲ."

ಅವರು ಗೋಡೆಯ ಮೇಲಿನ ನಿಯಮವನ್ನು ಇನ್ನೊಮ್ಮೆ ಓದಿದರು. ಕೊನೆಗೆ ಕಡತಕ್ಕೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. "ತರ್ಕಶಾಸ್ತ್ರದಿಂದ ತೊಂದ್ರಿ ಆಗೂದಿಲ್ಲ ಅಂದಿದ್ನಿ ನೋಡ್ರಿ" ಎಂದರು. "ತೆಗದುಕೊಳ್ಳಬಾರದಿತ್ತು." ಆಮೇಲೆ, ಮನುಷ್ಯರೇ ಅಲ್ಲವೇ, ಕೇಳಿದರು: "ಎಂಟ ನಂಬರಿಂದು ಬ್ಯಾರೆ ಎಲ್ಲೂ ಇಲ್ಲೇನ್ರೀ?"

ಬಜಾರಿನಲ್ಲಿ ಚೀಲ ಅಲುಗುತ್ತಲೇ ಇತ್ತು. ಸೊಪ್ಪಿನವಳು, "ಕೋಳಿ ಏನ್ರೀ ಅಕ್ಕಾರ?" ಎಂದಳು. ನಮ್ಮ ಮನೆಯಲ್ಲಿ ಕೋಳಿ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತು. ನಾನು ಹೌದೆಂದೆ.

ಬೀಬಿಜಾನ್ ನನ್ನನ್ನು ಕಂಡವರೇ ಗಾಲಿ ಬಿಟ್ಟು ಬಂದು ಅಂಗಡಿಯ ಬಾಗಿಲಿಗೆ ಪರದೆ ಎಳೆದರು. ನಾನು ಟವೆಲು ಬಿಚ್ಚಿದೆ. ದಾವಲಸಾಬರು ಕಾಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೇರೆ ಊರಿಂದ ಬಂದ ಮಗುವನ್ನು ನೋಡುವ ಹಾಗೆ ತಿರುಗಿಸಿ ನೋಡಿದರು. ಅಂಗಾಲು ದಪ್ಪಗಾಗಿ ಒಡೆದಿತ್ತು. "ಭಾಳ ತಿರುಗ್ಯಾನ" ಎಂದರು. ಪೈಜಾಮ ಮೇಲೆತ್ತಿ, ಮೊಣಕಾಲಿನ ಕೆಳಗೆ ಇಟ್ಟು, ಒಮ್ಮೆ ತಿರುಗಿಸಿ ಒತ್ತಿದರು. ಎಲ್ಲರೂ ಉಗುರು ನೋಡುತ್ತ ಕುಳಿತೆವು. ನೀಲಿ ತಡವಾಗಿ ಹೋಯಿತು, ಆದರೆ ಹೋಯಿತು. ಹೆಬ್ಬೆರಳು ಅಲುಗಿತು.

"ಕಾಗದದಾಗ ನಿಮಗ ಇನ್ನೂ ಕಾಲಿಲ್ರಿ" ಎಂದೆ. "ಯಾರರ ಕೇಳಿದ್ರ ಇಲ್ಲ ಅನ್ರಿ."

"ಇಟ್ಕೊಂಡು ಇಲ್ಲ ಅನ್ನೂದು ಭಾಳ ಚಲೋ" ಎಂದರು ಬೀಬಿಜಾನ್. "ಇಷ್ಟು ದಿನ ಮನ್ಯಾಗ ಇಲ್ಲದ, ನಮ್ಮದೊಂದು ಕಾಲು ಐತಿ ಐತಿ ಅನ್ನೂದಾಗಿತ್ತು."

ದಾವಲಸಾಬರು ಮೇಜು ಹಿಡಿದು ಎದ್ದು ನಿಂತರು. ಎರಡೂ ಕಾಲ ಮೇಲೆ ಭಾರ ಹಾಕಿ ನೋಡಿದರು. ಯಂತ್ರದ ಕಡೆ ತಿರುಗಿದರು. ಆಗ ಎಡ ಹಿಮ್ಮಡಿ ನೆಲವನ್ನು ಎರಡು ಸಲ ಬಡಿಯಿತು.

ಅವರು ಕಾಲನ್ನು ನೋಡಿಕೊಂಡರು. "ಇದು ನಾ ಮಾಡಿದ್ದಲ್ಲ" ಎಂದರು. ಒಂದು ಹೆಜ್ಜೆ ಇಡಲು ಹೋದರು. ಮತ್ತೆ ಬಡಿಯಿತು, ಎರಡು ಸಲ. ತಲೆ ಓರೆಯಾಗಲಿಲ್ಲ. ಅದು ಮಣ್ಣಿಗೆ ಹೋಗಿತ್ತು.

"ನೀರು ಬಂತೇನಂತ ನೋಡಾಕತ್ತೈತಿ" ಎಂದರು ಬೀಬಿಜಾನ್. ಊರಲ್ಲಿ ಆ ಸದ್ದು ಗೊತ್ತಿಲ್ಲದ ಹೆಂಗಸಿಲ್ಲ. ಕೊಡ ಹಿಡಿದು ಅದಕ್ಕೇ ಕಾಯುತ್ತಿದ್ದರು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಟವೆಲು ಮಡಚುತ್ತಿದ್ದೆ. ಸರಿಯಾಗಿ ಮಡಚಲು ಬರಲಿಲ್ಲ, ಮತ್ತೆ ಬಿಚ್ಚಿ ಮಡಚಿದೆ.

"ತಂಗಿ" ಎಂದರು ದಾವಲಸಾಬರು. "ಕಾಲು ನಂದು, ಕರೆ. ಇದು ನಂದಲ್ಲ. ಇದನ್ನ ನಿನಗ ಹೆಂಗ ವಾಪಸ್ ಕೊಡೂದು?"

"ಇಟ್ಕೋರಿ ಕಾಕಾ. ಕಡ ಅಂತ ತಿಳಕೋರಿ."

"ಕಚೇರ್ಯಾಗ ಬರಸೂದೇನು?"

"ಬ್ಯಾಡ್ರಿ. ಬರಸಿದ್ರ ಯುಗಾದಿಗೊಮ್ಮೆ ತೋರಸಾಕ ಬರಬೇಕಾಗ್ತೈತಿ."

ಅವರು ಯಂತ್ರದ ಮುಂದೆ ಕುಳಿತು, ನೀಲಿ ಬಟ್ಟೆಯನ್ನು ಸೂಜಿಯ ಕೆಳಗೆ ಜೋಡಿಸಿಕೊಂಡರು. ಹಿಮ್ಮಡಿ ಇನ್ನೊಮ್ಮೆ ಎರಡು ಸಲ ಬಡಿಯುವವರೆಗೆ ತಾಳಿ, ಪಾದವನ್ನು ಪೆಡಲಿನ ಮೇಲಿಟ್ಟರು. ಹೊಲಿಗೆ ನೆಟ್ಟಗೆ ಹೋಗತೊಡಗಿತು. ನಾನು ಖಾಲಿ ಚೀಲ ತೆಗೆದುಕೊಂಡು, ಪರದೆ ಸರಿಸಿ ಹೊರಗೆ ಬಂದೆ.